ಚಿಲಕ ತೆಗೆದ ಕಿಟಕಿ

ಕೋಮಲಾ ಎರಡನೇ ಸಲ ನಮ್ಮ ಮನೆಗೆ ಬಂದಾಗ, ಅವಳ ಮುಖ ನೋಡಿದ ತಕ್ಷಣ ನನ್ನ ಕಳ್ಳಾಟ ಬಯಲಾಗಿದೆ ಎಂದು ಗೊತ್ತಾಯಿತು.

ವಸಂತನರಸಾಪುರದಲ್ಲಿ ನಮ್ಮ ಮನೆ ಫ್ಯಾಕ್ಟರಿಗೆ ಅಂಟಿಕೊಂಡೇ ಇದೆ. ಅದರ ಗುಂಯ್ ಎನ್ನುವ ದಪ್ಪ ಸದ್ದು ಕಿವಿಗಿಂತ ಎದೆಗೇ ಹೆಚ್ಚು ತಾಗುತ್ತದೆ. ನಮ್ಮ ಗೋಡೆ, ಕಿಟಕಿಗಳು ಅದನ್ನು ಎಷ್ಟು ತಡೆಯುತ್ತವೆ ಎಂದು ಅಳೆಯುವುದು ಅವಳ ಕೆಲಸ. ಅಂಗಳದಲ್ಲಿ ದೊಡ್ಡ ಸ್ಪೀಕರ್ ಇಟ್ಟು ಸದ್ದು ಹೊರಡಿಸುತ್ತಾಳೆ, ಒಳಗೆ ರೂಮಿನ ಮೂಲೆಮೂಲೆಗೂ ಮೈಕ್ ಹಿಡಿದು ರೀಡಿಂಗ್ ತೆಗೆಯುತ್ತಾಳೆ. ಅಷ್ಟು ಹೊತ್ತು ಯಾರೂ ಕೆಮ್ಮುವಂತಿಲ್ಲ.

ಮೊದಲ ದಿನ ಆ ಮೌನದಲ್ಲೇ ಅವಳು ನನ್ನತ್ತ ನೋಡಿ, ತುಟಿ ಕಚ್ಚಿ ನಗು ತಡೆದುಕೊಂಡಳು. ಅಷ್ಟೇ, ನಾನು ಕೆಟ್ಟೆ! ಅವಳು ಸ್ಪೀಕರ್ ಸರಿಮಾಡಲು ಆಚೆ ಹೋದಾಗ ಕರ್ಟನ್ ಹಿಂದಿನ ಕಿಟಕಿಯ ಚಿಲಕ ತೆಗೆದುಬಿಟ್ಟೆ. ಲೆಕ್ಕ ತಪ್ಪಿದರೆ ಮತ್ತೆ ಬರುತ್ತಾಳಲ್ಲ ಎಂಬ ಆಸೆ.

"ಕಿಟಕಿ ತೆಗೆದಿದ್ದು ನೀವೇ ತಾನೇ, ಮೇಷ್ಟ್ರೇ?" ಎಂದಳು, ಈ ಸಲ ಒಳಗೆ ಬಂದವಳೇ.

"ಹೆಂಗ್ ಗೊತ್ತಾಯ್ತು?"

"ದಪ್ಪ ಸದ್ದು ಕಿಟಕಿ ಮುಚ್ಚಿದ್ರೂ ಒಳಗೆ ಬಂದೇ ಬರುತ್ತೆ. ಕೀರಲು ಸದ್ದು ಹಂಗಲ್ಲ. ಅವತ್ತು ಅದೂ ನುಗ್ಗಿದೆ."

ನಾನು ನಕ್ಕೆ. ಅವಳು ನಗಲಿಲ್ಲ.

"ಕಿಟಕಿ ನೋಡ್ದೆ ಅಳೆಯೋರು ನಮಗೆ ಬೇಡ ಅಂದ್ರು ನಮ್ಮ ಸಾರ್. ಪ್ರೊಬೇಷನ್‌ನಲ್ಲಿದೀನಿ ಕಣ್ರೀ. ಈ ಕೆಲಸಕ್ಕೆ ಎಷ್ಟು ಒದ್ದಾಡಿದೀನಿ ಗೊತ್ತಾ?"

ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಅವರಿಗೆ ಫೋನ್ ಮಾಡಿ ಕೊಡಿ," ಎಂದೆ.

"ಸಾರ್, ನಾನು ಅಂಜನ್‌ಕುಮಾರ್, ಹೈಸ್ಕೂಲ್ ಮೇಷ್ಟ್ರು. ಇವರು ಎಲ್ಲಾ ನೋಡಿ ಆಚೆ ಹೋದ್ಮೇಲೆ ಕಿಟಕಿ ತೆಗೆದೋನು ನಾನು. ಇವರದೇನೂ ತಪ್ಪಿಲ್ಲ."

"ಯಾಕ್ರೀ ತೆಗೆದ್ರಿ?"

ಅಡುಗೆಮನೆ ಬಾಗಿಲಲ್ಲಿ ಅಮ್ಮ ಕಾಫಿ ಲೋಟ ಹಿಡಿದು ನಿಂತಿದ್ದಳು. ಆದದ್ದಾಗಲಿ ಎಂದು ಹೇಳಿಯೇಬಿಟ್ಟೆ.

"ಕೋಮಲಾ ಇನ್ನೊಂದ್ ಸಲ ಬರ್ಲಿ ಅಂತ, ಸಾರ್. ಅವ್ರು ಅಂದ್ರೆ ನಂಗಿಷ್ಟ."

ಆ ಕಡೆ ಅವಳ ಸಾರ್ ದೊಡ್ಡದಾಗಿ ನಕ್ಕರು.

"ನಿನ್ನ ಕೆಲಸಕ್ಕೇನೂ ಆಗಲ್ಲ ಅಂತ ಹೇಳ್ರೀ ಆ ಹುಡುಗಿಗೆ. ಮೊದ್ಲು ನೀವು ರೂಮಿಂದಾಚೆ ನಡೀರಿ!"

ಅಳತೆ ಮುಗಿಯುವವರೆಗೆ ಅಂಗಳದಲ್ಲೇ ನಿಂತಿದ್ದೆ. ಎಲ್ಲವನ್ನೂ ಪ್ಯಾಕ್ ಮಾಡಿಕೊಂಡು ಬಂದ ಕೋಮಲಾ ನನ್ನನ್ನು ದಾಟಿ ಅಮ್ಮನ ಮುಂದೆ ನಿಂತಳು.

"ಇಲ್ಲಿ ನನ್ ಕೆಲಸ ಮುಗೀತು ಅಮ್ಮ. ಇನ್ನ ನಾನು ಬರೋ ಹಂಗಿಲ್ಲ."

ಅವಳನ್ನು ತಡೆಯಲು ನಾನು ಒಂದು ಹೆಜ್ಜೆ ಮುಂದಿಟ್ಟೆ; ಅವಳು ಅಮ್ಮನತ್ತಲೇ ನೋಡುತ್ತಾ ಮಾತು ಮುಂದುವರಿಸಿದಳು.

"ನೀವೇ ಬರ್ಬೇಕು. ಭಾನುವಾರ ಸಿ.ಎಸ್. ಪುರದಲ್ಲಿ ನಮ್ಮಪ್ಪ ಮನೇಲೇ ಇರ್ತಾರೆ."

"ಎಷ್ಟೊತ್ತಿಗೆ ಬರೋಣವ್ವ?" ಎಂದಳು ಅಮ್ಮ.

"ಊಟದ ಹೊತ್ತಿಗೆ," ಎಂದಳು ಕೋಮಲಾ, ನನ್ನನ್ನೇ ನೋಡುತ್ತಾ.