ಕದ್ದು ಅಚ್ಚು ಹಾಕಿದ ಕೊನೆಯ ದೃಶ್ಯ

"ಇದನ್ನ ಅಚ್ಚು ಹಾಕಿದ್ದು ನೀವೇನಾ?"

ಅವಳು ಪುಸ್ತಕವನ್ನು ಮೇಜಿಗೆ ಬಡಿದ ರಭಸಕ್ಕೆ ಹರವಿಟ್ಟಿದ್ದ ಹಾಳೆಗಳು ಹಾರಿ ನೆಲಕ್ಕೆ ಬಿದ್ದವು. ಪ್ರೆಸ್ಸಿನ ಯುವ ಮಾಲೀಕ ಮಸಿಗೈ ಒರೆಸಿಕೊಳ್ಳುತ್ತಾ ತಲೆಯೆತ್ತಿದ.

"ಹೌದು, ನಾನೇ."

"ಯಾರನ್ನ ಕೇಳಿ? ಇದು ನಮ್ಮಪ್ಪ ಬರೆದ ನಾಟಕ!"

ಅವನ ಮುಖ ಬಿಳಿಚಿತು.

"ಅಪ್ಪ ಹೋಗಿ ವರ್ಷ ತುಂಬಿಲ್ಲ, ಆಗಲೇ ಕದ್ದು ಮಾರ್ತಿದೀರ! ಸಾಲದು ಅಂತ ಕೊನೇ ದೃಶ್ಯಾನೂ ಕೆಡಿಸಿದೀರ. ಅಪ್ಪನ ನಾಟಕದಲ್ಲಿ ಹೆಂಡತಿ ಗಂಡನ್ನ ಕ್ಷಮಿಸ್ತಾಳೆ. ಇದರಲ್ಲಿ ಮನೆ ಬಿಟ್ಟು ಹೋಗ್ತಾಳೆ!"

"ಕೇಳದೆ ಹಾಕಿದ್ದು ತಪ್ಪು, ಒಪ್ತೀನಿ. ಆದ್ರೆ ಆ ಸಾಲುಗಳು ನನ್ನವಲ್ಲ. ನಮ್ಮಪ್ಪ ಈ ನಾಟಕ ಆಡ್ತಿದ್ದ ಕಂಪನೀಲಿ ಪರದೆ ಹಿಂದೆ ನಿಂತು ನಟರಿಗೆ ಮಾತು ಎತ್ತಿಕೊಡ್ತಿದ್ರು. ಹಾಸಿಗೆ ಹಿಡಿದಾಗ ಪೂರ್ತಿ ನಾಟಕ ನೆನಪಿನಿಂದ ಹೇಳಿ ಬರೆಸಿದ್ರು."

"ಸಾಯೋ ಮುದುಕನ ಬಡಬಡಿಕೆಗೆ ನಮ್ಮಪ್ಪನ ಹೆಸರಾ?"

"ನನ್ನ ಎಷ್ಟಾದ್ರೂ ಬೈರಿ. ನಮ್ಮಪ್ಪನ ತಂಟೆಗೆ ಬರಬೇಡಿ!"

ಅವಳು ಪುಸ್ತಕ ಎತ್ತಿಕೊಂಡು ದಡಬಡನೆ ಹೊರಬಂದಳು. 'ಕಳ್ಳನಿಗೆ ಇಷ್ಟು ಪೊಗರಾ!... ಆದರೆ ಆ ಕಣ್ಣಲ್ಲಿ ನೀರೇಕೆ?'

ಪುಸ್ತಕವನ್ನು ಸೋದರತ್ತೆಗೆ ತೋರಿಸಿದಳು; ಆ ನಾಟಕದ ಮೊದಲ ನಾಯಕಿ ಅತ್ತೆಯೇ. ಕೊನೆಯ ಪುಟ ಓದುತ್ತಿದ್ದಂತೆ ಅತ್ತೆ ಪುಟ ನೋಡದೆಯೇ ಮುಂದಿನ ಸಾಲು ಹೇಳಿಬಿಟ್ಟಳು.

"ಮೊದಲ ಪ್ರದರ್ಶನದಲ್ಲಿ ನಾನಾಡಿದ ಮಾತು ಇದೇ ಕಣೇ! ಹೆಂಡತಿ ಮನೆ ಬಿಡೋದಾ ಅಂತ ಜನ ಕುರ್ಚಿ ಮುರಿದ್ರು. ಕಂಪನಿ ಯಜಮಾನ ಹೆದರಿಸಿದ. ನಿಮ್ಮಪ್ಪ ದೃಶ್ಯ ಬದಲಾಯಿಸಿ, ಮೊದಲು ಬರೆದದ್ದನ್ನ ಒಲೆಗೆ ಹಾಕಿಬಿಟ್ಟ."

"ನನಗ್ಯಾಕೆ ಹೇಳಲಿಲ್ಲ?" ಈಗ ಅವಳ ಸಿಟ್ಟೆಲ್ಲ ಅಪ್ಪನ ಮೇಲೆ ತಿರುಗಿತು.

"ಮಗಳ ಮುಂದೆ ಅಂಜುಬುರುಕ ಆಗೋಕೆ ಯಾವ ಅಪ್ಪನಿಗೆ ಇಷ್ಟ, ಹೇಳು?"

ಮರುದಿನ ಅವಳು ಪ್ರೆಸ್ಸಿಗೆ ಹೋದಾಗ ಅವನು ಉಳಿದ ಪ್ರತಿಗಳನ್ನು ಕಟ್ಟು ಕಟ್ಟುತ್ತಿದ್ದ.

"ತಗೊಂಡು ಹೋಗಿ. ಸುಟ್ಟುಬಿಡಿ."

"ಸುಟ್ಟರೆ ನೋಡಿ!" ಅವಳು ಕಿರುಚಿದಳು. ಮರುಗಳಿಗೆಯೇ ದನಿ ಒಡೆಯಿತು. "ನಮ್ಮಪ್ಪ ಸುಟ್ಟಿದ್ದನ್ನ ನಿಮ್ಮಪ್ಪ ಉಳಿಸಿದ್ರು... ಬಡಬಡಿಕೆ ಅಂದುಬಿಟ್ಟೆ. ಕ್ಷಮಿಸಿ. ಆದ್ರೆ ನಿಮ್ಮ ಮೇಲಿನ ಕೋಪ ಹೋಗಿಲ್ಲ!"

"ಹೋಗಬೇಕು ಅಂತ ನಾನೂ ಕೇಳ್ತಿಲ್ಲ."

ಎರಡೂ ಅಂತ್ಯಗಳಿರುವ ಹೊಸ ಪುಸ್ತಕ ತರುವುದೆಂದು ಇಬ್ಬರೂ ನಿರ್ಧರಿಸಿದರು. ಯಾವುದು ಬರೆದವನ ಮಾತು, ಯಾವುದು ನಟರು ಸೇರಿಸಿದ್ದು ಎಂದು ಸಾಲು ಸಾಲಿಗೂ ಜಗಳ! ಅತ್ತೆ ಬಂದು ಬಿಡಿಸಬೇಕು. ಒಂದು ದಿನ ಅವನು ಕೆಮ್ಮುತ್ತಾ ಪ್ರೂಫ್ ತಿದ್ದುವುದನ್ನು ಕಂಡು ಅವಳಿಗೆ ಓದಿದ್ದು ತಲೆಗೆ ಹತ್ತಲಿಲ್ಲ. 'ಇವನಿಗೆ ಕೆಮ್ಮು ಬಂದ್ರೆ ನನಗೇನಂತೆ!' ಎಂದು ತನ್ನ ಮೇಲೇ ರೇಗಿಕೊಂಡಳು.

ಕೊನೆಯ ಪ್ರೂಫ್ ಮುಗಿದ ಸಂಜೆ ಅವಳು ಚೀಲ ಹೆಗಲಿಗೇರಿಸಿದಳು.

"ಕೆಲಸ ಮುಗೀತಲ್ಲ. ನಾಳೆಯಿಂದ ಬರಲ್ಲ."

ಅವನು ಪೆನ್ನು ಎಸೆದು ಎದ್ದ. "ಹಾಗಾದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?"

"ಜಗಳಕ್ಕೆ ಮಾತ್ರನಾ ನಾನು ಬೇಕಾಗಿರೋದು?"

"ಅಲ್ಲ..." ಅವನ ದನಿ ಇಳಿಯಿತು. "ಎಲ್ಲದಕ್ಕೂ ಬೇಕು. ದಿನಾ ಬೇಕು."

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ? ಮೂರ್ಖ!"

ಬೈದಳು. ಆದರೆ ಅವನು ಹಿಡಿದ ಕೈಯನ್ನು ಬಿಡಿಸಿಕೊಳ್ಳಲಿಲ್ಲ.

"ಹೀಗೇ ಬೈತಾ ಇರ್ತೀಯಾ?"

"ಹೂಂ..." ಅವಳು ಅವನ ಭುಜಕ್ಕೆ ಒರಗಿದಳು. "ಹತ್ತಿರದಲ್ಲೇ ಕೂತು."