ಲಕ್ಕವ್ವನ ಕಲ್ಲಿನ ಬಳಸುದಾರಿ

ಮುಂಜಾನೆ ಒಂಬತ್ತಕ್ಕೆ ಅಫಜಲಪುರದ ಟೆಲಿಫೋನ್ ಕಚೇರಿಯಿಂದ ಕರೀಮುನ್ನಿಸಾ ದುರಸ್ತಿ ತಂಡಕ್ಕೆ ಫೋನು ಮಾಡಿದಳು. ಸಂಜೆ ಐದಕ್ಕೆ ಭೀಮೆಗೆ ಮೇಲಿನಿಂದ ಇನ್ನಷ್ಟು ನೀರು ಬಿಡುವರು. ಕೊಳಕೂರಿನ ದಂಡೆಯ ಜನಕ್ಕೆ ಸುದ್ದಿ ಮುಟ್ಟಬೇಕು. ರಸ್ತೆ ಮುಳುಗಿದೆ. ನೆಲದೊಳಗಿನ ಗಾಜಿನೆಳೆಯ ಕೇಬಲ್ ಎಲ್ಲೋ ಹರಿದು, ಆ ಕಡೆಯ ಟಾವರುಗಳೆಲ್ಲ ಮೂಕವಾಗಿವೆ. ಐದರೊಳಗೆ ಹರಿದ ಜಾಗ ಹುಡುಕಿ ಕೂಡಿಸಬೇಕು.

ಹೊರಟವರು ಮೂವರು. ಸರಸಂಬಾದ ಖಂಡಪ್ಪ ಈ ಕೇಬಲನ್ನು ಹೂಳಿದವನು, ಐವತ್ತೆಂಟು ವಯಸ್ಸು. ಕಿಣ್ಣಿ ಸುಲ್ತಾನದ ಸಪ್ನಾ ತಂಡದ ಹೊಸ ಮುಖ್ಯಸ್ಥೆ. ಖಂಡಪ್ಪನ ಜೋಡಿಗಾರನಾಗಿದ್ದ ಅಣ್ಣಾರಾಯನ ಮಗಳು. ಅಣ್ಣಾರಾಯ ಹೋದ ವರ್ಷ ತೀರಿಕೊಂಡಿದ್ದ. ಮೂರನೆಯವನು ಹರಗೋಲಿನ ಅಮೋಘಸಿದ್ದ.

ನದಿದಂಡೆಯ ಕೇಬಲ್ ಕೊಠಡಿಯಲ್ಲಿ ಸಪ್ನಾ ಅಳತೆಯ ಯಂತ್ರವನ್ನು ಎಳೆಗೆ ಜೋಡಿಸಿದಳು.

“ಗಾಜಿನಾಗ ಮಾತು ಹ್ಯಾಂಗ ಹೋಗ್ತದ್ರಿ ಅಕ್ಕಾ?” ಅಮೋಘಸಿದ್ದ ಕೇಳಿದ.

“ಮಾತಲ್ಲಣ್ಣಾ, ಬೆಳಕು ಹೋಗ್ತದ. ಈ ಕಡಿ ಮಷೀನು ಮಾತನ್ನ ಒಂದು, ಸೊನ್ನಿ ಮಾಡ್ತದ. ಒಂದಕ್ಕ ಬೆಳಕು, ಸೊನ್ನಿಗೆ ಕತ್ತಲ. ಕಣ್ಣು ಮುಚ್ಚಿ ತೆರೆಯೂದ್ರಾಗ ಕೋಟಿ ಸಲ ಮಿಣುಕ್ತದ. ಎಳಿಯೊಳಗಿನ ಗ್ವಾಡಿಗೆ ಬಡಕೋತ ಹೊರಗ ಬೀಳದಂಗ ಹೋಗ್ತದ. ಆ ಕಡಿ ಒಂದು ಕಣ್ಣು ಅದನ್ನ ನೋಡಿ ಮತ್ತ ಕರೆಂಟ್ ಮಾಡ್ತದ, ಕರೆಂಟು ಮಾತಾಗ್ತದ. ಹೋಗಾಕೊಂದು ಎಳಿ, ಬರಾಕೊಂದು.”

“ಅಪ್ಪನಂಗ ಪಾಠ ಹೇಳಾಕ ಬರ್ತದ ನೋಡು,” ಎಂದ ಖಂಡಪ್ಪ. ಹೊಗಳಿದ್ದೋ ಹಂಗಿಸಿದ್ದೋ ತಿಳಿಯಲಿಲ್ಲ. ಇಪ್ಪತ್ತು ವರ್ಷ ಸಾಹೇಬರೆಲ್ಲ ಅಣ್ಣಾರಾಯನ ಕೈಯನ್ನೇ ಹೊಗಳಿದ್ದರು. ಈಗ ಅವನ ಮಗಳ ಸರದಿ.

ಯಂತ್ರ ಬೆಳಕು ಬಿಟ್ಟಿತು. ತುಂಡಾದಲ್ಲಿಂದ ಅದು ತಿರುಗಿ ಬಂದ ಹೊತ್ತನ್ನು ಲೆಕ್ಕ ಹಾಕಿ ಆರು ಸಾವಿರದ ನಾನೂರು ಮೀಟರು ಎಂದು ತೋರಿಸಿತು. ಸಪ್ನಾ ನಕಾಶೆಯ ಮೇಲೆ ಬೆರಳಿಟ್ಟಳು. “ಲಕ್ಕವ್ವನ ಕಲ್ಲು ದಾಟಿ, ನದಿ ತಿರುವಿನಾಗ. ಹೌದಲ್ರಿ ಕಾಕಾ?”

ಖಂಡಪ್ಪನಿಗೆ ಅದು ತಪ್ಪೆಂದು ಗೊತ್ತಿತ್ತು. ದಿಬ್ಬದ ಮೇಲಿನ ಲಕ್ಕವ್ವನ ಕಲ್ಲು ದೇವರ ಕಲ್ಲು, ಅದರಡಿ ಗುದ್ದಲಿ ಹಾಕಲಾರೆನೆಂದು ಅಣ್ಣಾರಾಯ ಅಂದು ಕೈಮುಗಿದು ನಿಂತಿದ್ದ. ಇಬ್ಬರೂ ಕೇಬಲನ್ನು ದಿಬ್ಬದ ಸುತ್ತ ಬಳಸಿ ತಂದರು. ಮುಂದೆ ಬೇಕಾದೀತೆಂದು ಕಲ್ಲಿನ ಹಿಂದಿನ ಗುಂಡಿಯಲ್ಲಿ ಹೆಚ್ಚಿನ ಕೇಬಲಿನ ಸುರುಳಿಯನ್ನೂ ಇಟ್ಟರು. ಎಲ್ಲ ಸೇರಿ ನಕಾಶೆಗಿಂತ ನಾನೂರು ಮೀಟರು ಹೆಚ್ಚಾಯಿತು. ಹರಿದ ಜಾಗ ಸಪ್ನಾ ಬೆರಳಿಟ್ಟಲ್ಲಿಗಿಂತ ಹಿಂದೆಯೇ, ದಿಬ್ಬದ ಬಳಿಯೇ ಇರಬೇಕು. ನಕಾಶೆಯಲ್ಲಿ ಬರೆಯಬೇಡವೆಂದವನು ಖಂಡಪ್ಪನೇ. ಬರೆಯದ ಹಾದಿಗೆ ತನ್ನನ್ನು ಕೇಳದೆ ಗತಿಯಿಲ್ಲವೆಂಬ ಆಸೆ ಅವನದು.

“ಯಂತ್ರ ಹೇಳಿದ ಮ್ಯಾಲ ನನ್ನ ಯಾಕ ಕೇಳ್ತಿ?” ಎಂದ.

ತೊಗರಿ ಹೊಲಗಳಲ್ಲಿ ಮೊಣಕಾಲುದ್ದ ಕರಿಕೆಸರು. ಒಂದು ಹೆಜ್ಜೆ ಕಿತ್ತರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ಹಳ್ಳ ಉಕ್ಕಿ ಜಾಲಿಯ ನೆತ್ತಿಗಳಷ್ಟೇ ಕಾಣುತ್ತಿದ್ದವು. ಅವುಗಳ ಮೇಲೆ ಹಾವುಗಳು ಸುತ್ತಿಕೊಂಡು ಕುಳಿತಿದ್ದವು. ಆಚೆ ದಡದ ದಿಬ್ಬದ ಮೇಲೆ ಲಕ್ಕವ್ವನ ಕುಂಕುಮದ ಕಲ್ಲು, ಅದರಾಚೆ ಆಕಾಶದ ಅಂಚಿನವರೆಗೆ ಕೆಂಪು ನೀರು. ಅಮೋಘಸಿದ್ದ ಭೀಮಾತಾಯಿಗೆ ಕೈಮುಗಿದು ಹರಗೋಲು ಬಿಟ್ಟ.

ನಡು ಹಳ್ಳದಲ್ಲಿ ಹರಗೋಲು ಗಿರಗಿರನೆ ತಿರುಗಿತು. “ಅಲುಗಬ್ಯಾಡ್ರಿ!” ಅವನು ಗಳ ಊರಿ ಒದರಿದ. ಸಪ್ನಾ ಎಳೆ ಕೂಡಿಸುವ ಯಂತ್ರವನ್ನು ತಲೆಯ ಮೇಲೆ ಹೊತ್ತಳು. ದಡ ಸೇರಿದಾಗ ಎರಡು ಗಂಟೆ.

ಖಂಡಪ್ಪ ಕಲ್ಲಿನ ಬಳಿ ಕುಳಿತ. “ಕಾಲು ನೋಯಾಕತ್ತಾವ. ನೀ ಹೋಗಿ ಹುಡುಕು.” ಬರಿಗೈಲಿ ಬರಲಿ, ಆಗ ಹೇಳಿದರಾಯಿತೆಂದು ಎಣಿಸಿದ.

ಸಪ್ನಾ ತಿರುವಿನಲ್ಲಿ ಅಗೆದಳು. ಕೇಬಲ್ ಸಿಕ್ಕಿತು, ಇಡಿಯಾಗಿತ್ತು. ಇನ್ನೂ ಮುಂದಿರಬಹುದೆಂದು ದಂಡೆಯ ತುದಿಗೇ ನಡೆದಳು. ಅವಳ ಹಿಂದೆ ನೆಲ ಬಿರಿಯಿತು. ಖಂಡಪ್ಪ ಕಂಡ.

“ಸಪ್ನಾ! ಅಲ್ಲಿಲ್ಲಬೇ! ಹಿಂದಕ್ಕ ಬಾ!”

ದಂಡೆ ಕುಸಿಯಿತು.

ಅವಳು ಸೊಂಟದವರೆಗೆ ಮಣ್ಣಿನಲ್ಲಿ ಹೂತಿದ್ದಳು. ಕೆಳಗೆ ನದಿ. ಖಂಡಪ್ಪ ಓಡಿದ. ಬೋರಲು ಬಿದ್ದು ಹಗ್ಗ ಎಸೆದ. ಅವನ ಕಾಲನ್ನು ಅಮೋಘಸಿದ್ದ ಹಿಡಿದ.

“ಹಗ್ಗ ಹಿಡಿ!”

“ಮೊದಲು ಮಷೀನು ತಗೋರಿ ಕಾಕಾ!”

“ಮಷೀನು ಹಾಳಾಗಿ ಹೋಗ್ಲಿ, ಕೈ ಕೊಡು!”

ಯಂತ್ರವೂ ಬಂತು, ಅವಳೂ ಮೇಲೆ ಬಂದಳು. ಕೆಸರಿನ ಮುಖದಲ್ಲಿ ಅವಳ ಕಣ್ಣುಗಳಷ್ಟೇ ಹೊಳೆಯುತ್ತಿದ್ದವು. “ಅಲ್ಲಿಲ್ಲ ಅಂತ ನಿಮಗ ಮೊದಲೇ ಗೊತ್ತಿತ್ತೇನ್ರಿ?”

“ಗೊತ್ತಿತ್ತು,” ಎಂದ ಖಂಡಪ್ಪ. ತಲೆ ಎತ್ತಲಿಲ್ಲ. “ಹೊಟ್ಟಿಕಿಚ್ಚು ಬೇ. ನಿಮ್ಮಪ್ಪ ಇದ್ದಾಗೂ ಇತ್ತು. ಅಂವ ಹೋದ್ರೂ ಹೋಗಲಿಲ್ಲ.”

ಅವಳು ಮುಖದ ಕೆಸರು ಒರೆಸಿಕೊಂಡು ಗಡಿಯಾರ ನೋಡಿದಳು. “ಮೂರಾತು. ಜಾಗ ತೋರಸ್ರಿ,” ಎಂದಳು.

ಹರಿದದ್ದು ದಿಬ್ಬದ ಮಗ್ಗುಲಿನ ಕೊರಕಲಿನಲ್ಲಿ. ತುದಿಗಳ ನಡುವೆ ಹದಿನೈದು ಮೀಟರು ಖಾಲಿ. ಖಂಡಪ್ಪ ಕಲ್ಲಿಗೆ ಕೈಮುಗಿದು, ಹಿಂದಿನ ಗುಂಡಿಯ ಮುಚ್ಚಳ ಎತ್ತಿದ. ಅಣ್ಣಾರಾಯ ಇಟ್ಟ ಸುರುಳಿ ಇಟ್ಟಂತೆಯೇ ಇತ್ತು. ಬಿಚ್ಚಿ ಎಳೆದರು. ತುದಿ ತುದಿಗೆ ಮುಟ್ಟಿತು.

ಎಳೆಗೆ ಗಾಳಿ ತಾಗದಂತೆ ಅಮೋಘಸಿದ್ದ ಧೋತರ ಬಿಚ್ಚಿ ಗುಡಾರದಂತೆ ಹಿಡಿದ. “ಬರೇ ಚಡ್ಡಿ ಮ್ಯಾಲ ನಿಂತೇನಿ, ಜಲ್ದಿ ಮಾಡ್ರೆಪ್ಪಾ!” ಖಂಡಪ್ಪ ಎಳೆಯ ಸಿಪ್ಪೆ ಬಿಡಿಸಿ ಒರೆಸಿದ. ಸಪ್ನಾ ಕೊಯ್ದು, ಮುಖಾಮುಖಿ ಕೂಡಿಸಿ, ಕಿಡಿ ಹಾರಿಸಿದಳು. ಗಾಜು ಕರಗಿ ಒಂದಾಯಿತು. ಎರಡನೆಯ ಎಳೆಯನ್ನೂ ಕೂಡಿಸಿದರು.

ಅಫಜಲಪುರ ಕಡೆಯ ಟಾವರಿನ ಸಿಗ್ನಲ್ಲು ಅಲ್ಲಿಗೂ ಎಟುಕುತ್ತಿತ್ತು. ಫೋನಿನಲ್ಲಿ ಕರೀಮುನ್ನಿಸಾ, “ಇಲ್ಲಿ ಮಷೀನು ಆ ಕಡಿ ಮಷೀನನ್ನ ಒಂದೇ ಸಮ ಕರೀಲಾಕತ್ತದ್ರಿ. ಆ ಕಡಿಂದ ಬೆಳಕು ಬರಾವಲ್ದು,” ಎಂದಳು.

ನಾಲ್ಕೂ ಇಪ್ಪತ್ತು.

“ಬರೂ ಎಳಿ ನಾ ಸರಿ ಒರೆಸಿಲ್ಲ. ಕಣ್ಣು ಮಂಜಾಗ್ಯಾವ,” ಎಂದು ಖಂಡಪ್ಪ ಸಾಮಾನನ್ನು ಸಪ್ನಾಳ ಕೈಗಿಟ್ಟ. “ನೀನೇ ಮಾಡು.”

ಅವಳು ಕತ್ತರಿಸಿ, ಒರೆಸಿ, ಮತ್ತೆ ಕೂಡಿಸಿದಳು.

“ಬಂತ್ರಿ!” ಕರೀಮುನ್ನಿಸಾ ಚೀರಿದಳು. “ಕೊಳಕೂರ ಬಂತು!”

ಆರಕ್ಕೆ ಹಳ್ಳ ದಾಟುವಾಗ ನೀರು ಏರುತ್ತಿತ್ತು. ದಂಡೆಯ ಮನೆಗಳೆಲ್ಲ ಖಾಲಿಯಾದವೆಂದು ಅಷ್ಟರಲ್ಲಿ ಸುದ್ದಿ ಬಂದಿತ್ತು. ಕೊಠಡಿಯಲ್ಲಿ ಖಂಡಪ್ಪ ನಕಾಶೆ ಬಿಡಿಸಿ, ಲಕ್ಕವ್ವನ ಕಲ್ಲಿನ ಸುತ್ತ ಗೆರೆ ಎಳೆದು, ‘ಬಳಸು ಮತ್ತು ಸುರುಳಿ ೪೦೦ ಮೀಟರು, ಅಣ್ಣಾರಾಯ’ ಎಂದು ಬರೆದ.

“ಇನ್ನ ನನ್ನ ಕೇಳೂ ಕೆಲಸಿಲ್ಲ,” ಎಂದ.

ಸಪ್ನಾ ಯಂತ್ರದ ಪರದೆ ತಿರುಗಿಸಿದಳು. “ಬೆಸುಗಿ ಹ್ಯಾಂಗದ ನೋಡ್ರಿ ಕಾಕಾ.”

ಖಂಡಪ್ಪ ಕನ್ನಡಕ ಏರಿಸಿ ನೋಡಿದ. “ಛಲೋ ಅದ,” ಎಂದ. ಕನ್ನಡಕ ಇಳಿಸುತ್ತ, “ನಿಮ್ಮಪ್ಪಂದು ಇದಕ್ಕಿಂತ ಛಲೋ ಬರ್ತಿತ್ತು,” ಎಂದ.