ನೂರ ಎಪ್ಪತ್ತೇಳು ಕಿಲೋಮೀಟರ್ ಓಡಿದ ಹೊಸ ಕಾರು

ಒಂಬತ್ತು ಇರಬೇಕಿತ್ತು. ಸ್ಕ್ರೀನಿನ ಮೇಲೆ ನೂರ ಎಪ್ಪತ್ತೇಳು ಇತ್ತು.

ಅವಳು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ನೂರ ಎಪ್ಪತ್ತೇಳೇ. ಹೊಸ ಸೀಟಿನ ವಾಸನೆ, ಕಾಲಡಿಗೆ ಹಾಸಿದ ಕಾಗದ, ಸ್ಟೀರಿಂಗ್ ಮೇಲಿನ ಪ್ಲಾಸ್ಟಿಕ್ ಹಾಳೆ ಎಲ್ಲವೂ ಹೊಸದು. ಅಂಕಿ ಮಾತ್ರ ಹಳೆಯದು.

ಹೊರಗೆ ಶೋರೂಮಿನವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಕಾರಿನ ಮೇಲಿನ ಹೊದಿಕೆ ಎಳೆದು ಎರಡು ನಿಮಿಷವೂ ಆಗಿರಲಿಲ್ಲ. ಪಕ್ಕದ ಸೀಟಿನಲ್ಲಿ ಅತ್ತಿಗೆ ಆಗಲೇ ಚಾಕೊಲೇಟ್ ಡಬ್ಬಿ ಬಿಚ್ಚಿ ಎರಡನೆಯದಕ್ಕೆ ಕೈ ಹಾಕಿದ್ದಳು.

"ಒಂದ್ಸಲ ನಗೇ. ಫೋಟೋ ತೆಗೀತಾ ಇದಾರೆ."

"ಅತ್ತಿಗೆ, ಈ ಕಾರನ್ನ ಯಾರೋ ಓಡಿಸಿದಾರೆ."

"ಓಡಿಸದೆ ಹೊತ್ಕೊಂಡು ಬರ್ತಾರೇನೇ?"

"ನೂರ ಅರವತ್ತೆಂಟು ಕಿಲೋಮೀಟರ್! ನಿನ್ನೆ ಸಂಜೆ ಐದಕ್ಕೆ ಒಂಬತ್ತಿತ್ತು. ಅವರೇ ಫೋನಲ್ಲಿ ಹೇಳಿದ್ದು."

"ಯಾರು, ನಿನ್ನ ಬುಧವಾರದವರಾ?" ಅತ್ತಿಗೆಯ ಕೈ ಡಬ್ಬಿಯಲ್ಲೇ ನಿಂತಿತು.

ಅವಳು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಪೆಟ್ರೋಲ್ ಬಂಕಿನ ಪಂಪು, ತರಕಾರಿ ಅಂಗಡಿಯ ತಕ್ಕಡಿ, ಟ್ಯಾಕ್ಸಿಯ ಮೀಟರು, ಇವೆಲ್ಲ ಸರಿಯಾಗಿದ್ದರೆ ಸೀಸದ ಮುದ್ರೆ ಒತ್ತುವುದು, ತಪ್ಪಾಗಿದ್ದರೆ ಬಾಗಿಲು ಹಾಕಿಸುವುದು ಹದಿನಾಲ್ಕು ವರ್ಷಗಳಿಂದ ಅವಳ ಕೆಲಸ. ಅಂಗಡಿಯವರು ಅವಳಿಗಿಟ್ಟ ಹೆಸರು ಮುದ್ರೆ ಮೇಡಂ. ಅಷ್ಟೂ ವರ್ಷ ಗಂಟೆಗೆ ನಲವತ್ತು ದಾಟಿದರೆ ನಡುಗುವ ಇಲಾಖೆಯ ಜೀಪಿನಲ್ಲಿ ತಿರುಗಿದವಳು, ಒಂದು ದಿನ ಯಾರನ್ನೂ ಕೇಳದೆ, ನಾಲ್ಕು ಸೆಕೆಂಡಿನೊಳಗೆ ನೂರು ಮುಟ್ಟುವ ಈ ಎಲೆಕ್ಟ್ರಿಕ್ ಕಾರನ್ನು ಬುಕ್ ಮಾಡಿದಳು. ಅಣ್ಣ ಎರಡು ದಿನ ಮಾತು ಬಿಟ್ಟಿದ್ದ. ಅತ್ತಿಗೆ ಮಾತ್ರ ಬಣ್ಣ ಯಾವುದು ಎಂದು ಕೇಳಿದ್ದಳು.

ಕಾರು ಬರಲು ಹತ್ತೊಂಬತ್ತು ವಾರ ಹಿಡಿಯಿತು. ಆ ಹತ್ತೊಂಬತ್ತೂ ಬುಧವಾರ ಸಂಜೆ ಐದಕ್ಕೆ ಶೋರೂಮಿನ ಡೆಲಿವರಿ ವಿಭಾಗದಿಂದ ಒಂದು ಫೋನು ಬರುತ್ತಿತ್ತು. ಗಂಡಸಿನ ದನಿ, ಅವಸರವಿಲ್ಲದ, ಬೆಣ್ಣೆ ಹಚ್ಚದ ದನಿ. ಮೊದಲ ಬುಧವಾರ ಅವಳು ಕೇಳಿದ್ದಳು, ಕಾರು ಯಾವಾಗ ಬರುತ್ತೆ?

"ಗೊತ್ತಿಲ್ಲ ಮೇಡಂ. ಗೊತ್ತಾದ ದಿನ ಹೇಳ್ತೀನಿ."

ಏನನ್ನಾದರೂ ಮಾರುವ ಮನುಷ್ಯನೊಬ್ಬ ಗೊತ್ತಿಲ್ಲ ಎಂದಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಆಮೇಲಿನ ವಾರಗಳಲ್ಲಿ ಮಾತು ಎರಡು ನಿಮಿಷದಿಂದ ಇಪ್ಪತ್ತಕ್ಕೆ, ಇಪ್ಪತ್ತರಿಂದ ನಲವತ್ತಕ್ಕೆ ಬೆಳೆಯಿತು. ಕಾರು ಹೊತ್ತ ಹಡಗು ಎಲ್ಲಿದೆ ಎಂಬುದರಿಂದ ಶುರುವಾಗಿ, ಇವತ್ತು ಯಾವ ಅಂಗಡಿಯ ತಕ್ಕಡಿ ಸಿಕ್ಕಿತು ಎಂಬಲ್ಲಿಗೆ ಮುಗಿಯುತ್ತಿತ್ತು. ಅವನ ಹೆಸರನ್ನು ಅವಳು ಫೋನಿನಲ್ಲಿ 'ಬುಧವಾರ' ಎಂದೇ ಉಳಿಸಿಕೊಂಡಿದ್ದಳು. ಅದನ್ನು ಅತ್ತಿಗೆ ನೋಡಿಬಿಟ್ಟಿದ್ದು ಮನೆಯಲ್ಲಿ ದೊಡ್ಡ ಕಥೆ.

ಇವತ್ತು ಗುರುವಾರ. ಅವನ ಮುಖವನ್ನು ಅವಳು ಮೊದಲು ನೋಡಿದ್ದು ಕಾಲು ಗಂಟೆಯ ಹಿಂದೆ. ಎಣಿಸಿದ್ದಕ್ಕಿಂತ ಎತ್ತರ, ಕಿವಿಯ ಬಳಿ ನಾಲ್ಕು ಬಿಳಿ ಕೂದಲು, ಎದೆಯ ಜೇಬಿನಲ್ಲಿ ಟೈರಿನ ಗಾಳಿ ನೋಡುವ ಪುಟ್ಟ ಮೀಟರು. ಕೀ ಕೊಡುವಾಗ ಅವನ ಬೆರಳು ಕೀ ಬಿಡಲು ಅರ್ಧ ಕ್ಷಣ ತಡ ಮಾಡಿತ್ತು. ಅವಳೂ ಎಳೆದುಕೊಂಡಿರಲಿಲ್ಲ.

ಈಗ ಅವಳು ಬಾಗಿಲು ತೆರೆದು ಇಳಿದಳು. ಚಪ್ಪಾಳೆ ನಿಂತಿತು.

"ಈ ಕಾರನ್ನ ಯಾರು ಓಡಿಸಿದ್ದು?"

ಮ್ಯಾನೇಜರ್ ನಗುಮುಖದಲ್ಲೇ ಮುಂದೆ ಬಂದ. ಒಳಗೆ ಇಣುಕಿ ನೋಡಿದ. ನಗು ಒಂದು ಚೂರು ಸರಿಯಿತು, ಮತ್ತೆ ಜಾಗಕ್ಕೆ ಬಂತು.

"ಅದಾ ಮೇಡಂ, ಫ್ಯಾಕ್ಟರಿ ಟೆಸ್ಟಿಂಗ್. ಎಲ್ಲಾ ಕಾರಲ್ಲೂ ಇರುತ್ತೆ."

"ಡೆಲಿವರಿ ಫಾರ್ಮಲ್ಲಿ ಒಂಬತ್ತು ಅಂತಿದೆ."

"ಹಾಂ, ಅದು ಸಾಫ್ಟ್‌ವೇರ್ ಅಪ್‌ಡೇಟ್ ಆದ್ಮೇಲೆ ಹಳೇ ಟೆಸ್ಟಿಂಗ್ ಕಿಲೋಮೀಟರೆಲ್ಲ ಒಟ್ಟಿಗೆ ತೋರಿಸುತ್ತೆ. ನೀವು ತಲೆ ಕೆಡಿಸ್ಕೋಬೇಡಿ. ಫ್ಲೋರ್ ಮ್ಯಾಟ್ ನಮ್ಮ ಕಡೆಯಿಂದ ಗಿಫ್ಟ್."

ಅವಳಿಗೆ ಕಿವಿಯವರೆಗೂ ಬಿಸಿ ಏರಿತು. ತಪ್ಪು ತಕ್ಕಡಿ ಸಿಕ್ಕಾಗ ಅಂಗಡಿಯವರು ಹೇಳುವುದೂ ಇದೇ ಧಾಟಿಯ ಮಾತು: ಗಾಳಿಗೆ ಹಾಗಾಗುತ್ತೆ ಮೇಡಂ, ನಿನ್ನೆ ಸರಿಯಿತ್ತು ಮೇಡಂ, ಒಂದು ಚೀಲ ಮನೆಗೆ ಕಳಿಸ್ತೀನಿ ಮೇಡಂ. ಅವರ ಮೇಲೆ ಅವಳಿಗೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಅವರ್ಯಾರೂ ಹತ್ತೊಂಬತ್ತು ಬುಧವಾರ ಅವಳ ನಂಬಿಕೆ ಗಳಿಸಿದವರಲ್ಲ.

ಅವಳು ಮ್ಯಾನೇಜರನ್ನು ದಾಟಿ ಹಿಂದೆ ನಿಂತವನನ್ನು ನೋಡಿದಳು.

"ನೀವು ಹೇಳಿ. ನಿನ್ನೆ ನೀವು ನನಗೆ ಹೇಳಿದ ಒಂಬತ್ತು ನಿಜವಾ, ಈ ಸಾಫ್ಟ್‌ವೇರ್ ನಿಜವಾ?"

ಮ್ಯಾನೇಜರ್ ಅವನತ್ತ ಕಣ್ಣಲ್ಲೇ ಏನೋ ಹೇಳಿದ. ಅವನು ಅದನ್ನು ನೋಡಿದ. ನೋಡಿಯೂ ಹೇಳಿದ:

"ನಿನ್ನೆಯ ಒಂಬತ್ತು ನಿಜ ಮೇಡಂ. ಸಾಫ್ಟ್‌ವೇರ್ ಸುಳ್ಳು. ಇವತ್ತು ಬೆಳಗ್ಗೆ ಐದರಿಂದ ಎಂಟರವರೆಗೆ ನಾನು ಓಡಿಸಿದೆ. ಸರ್‌ಗೂ ಗೊತ್ತಿರಲಿಲ್ಲ."

ಅವಳು ಅವನ ಮುಂದೆ ಹೋಗಿ ನಿಂತಳು.

"ಯಾಕೆ?"

"ಕಾರಿನ ಡ್ರಾಯರಲ್ಲಿ ಒಂದು ಹಾಳೆ ಇಟ್ಟಿದೀನಿ. ಅದನ್ನ ನೋಡಿದ್ರೆ..."

"ಹಾಳೆ ಆಮೇಲೆ. ಇದು ಯಾರ ಕಾರು?"

"ನಿಮ್ಮದು."

"ನನ್ನನ್ನ ಕೇಳಿದ್ರಾ?"

"ಇಲ್ಲ."

"ಹತ್ತೊಂಬತ್ತು ವಾರ ಕಾದಿದೀನಿ ಕಣ್ರೀ. ರಸ್ತೆ ಮೇಲೆ ಮೊದಲನೇ ಕಿಲೋಮೀಟರ್ ನಾನು ಓಡಿಸಬೇಕು ಅಂತ. ಅದನ್ನ ನಿಮಗೊಬ್ಬರಿಗೇ ಹೇಳಿದ್ದೆ. ನಮ್ಮಣ್ಣನಿಗೂ ಹೇಳಿರಲಿಲ್ಲ."

ಅವನ ಮುಖ ಇಳಿದುಹೋಯಿತು. ಹೇಳಿದ್ದಳು, ಹನ್ನೊಂದನೇ ಬುಧವಾರ. ಅವನಿಗೆ ಅದು ಈಗ ನೆನಪಾದದ್ದು ಅವಳಿಗೂ ಕಂಡಿತು. ಅದರಿಂದ ಸಿಟ್ಟು ಇನ್ನಷ್ಟು ಹೆಚ್ಚಿತು, ಮರೆತಿದ್ದನಲ್ಲ!

ಮ್ಯಾನೇಜರ್ ದನಿ ಏರಿಸಿದ. "ನಾಳೆಯಿಂದ ಬರೋದು ಬೇಡ ನೀನು. ಕಸ್ಟಮರ್ ಮುಂದೆ ಮಾನ ಕಳೆದೆ."

"ಒಂದು ನಿಮಿಷ," ಎಂದಳು ಅವಳು. "ಆ ಫಾರ್ಮ್ ಕೊಡಿ."

ಡೆಲಿವರಿ ಫಾರ್ಮಿನಲ್ಲಿ ಒಂಬತ್ತು ಎಂದಿದ್ದ ಜಾಗಕ್ಕೆ ಒಂದೇ ಒಂದು ಗೆರೆ ಎಳೆದಳು, ಕೆಳಗಿನ ಅಂಕಿ ಕಾಣುವ ಹಾಗೆ. ಪಕ್ಕದಲ್ಲಿ ನೂರ ಎಪ್ಪತ್ತೇಳು ಬರೆದು ಕಿರುಸಹಿ ಹಾಕಿದಳು. ಗ್ರಾಹಕರ ಷರಾ ಎಂಬ ಅಂಕಣದಲ್ಲಿ ಬರೆದಳು: 'ಕೇಳದೆ ಓಡಿಸಿದ್ದಾರೆ. ಓಡಿಸಿದವರು ನಿಜ ಹೇಳಿದರು. ಸಾಫ್ಟ್‌ವೇರ್ ಎಂದವರು ಮ್ಯಾನೇಜರ್.'

"ನೀವೂ ಇಲ್ಲಿ ಸಹಿ ಹಾಕಿ," ಎಂದು ಮ್ಯಾನೇಜರನ ಮುಂದೆ ಪೆನ್ನು ಚಾಚಿದಳು. "ನಾನು ಇನ್ಸ್‌ಪೆಕ್ಟರಾಗಿ ಮಾತಾಡ್ತಿಲ್ಲ, ಕಾರು ತಗೊಂಡವಳಾಗಿ ಮಾತಾಡ್ತಿದೀನಿ. ಇವರಿಗೆ ನೀವು ಏನು ಶಿಕ್ಷೆ ಕೊಡ್ತೀರೋ ನಿಮಗೆ ಬಿಟ್ಟಿದ್ದು. ಆದ್ರೆ ನಿಜ ಹೇಳಿದ್ದಕ್ಕೆ ಕೆಲಸದಿಂದ ತೆಗೆದ್ರೆ, ಇದೇ ಅಂಕಣದಲ್ಲಿ ಇನ್ನೂ ಎರಡು ಸಾಲಿಗೆ ಜಾಗ ಇದೆ. ನಿಮ್ಮ ಕಂಪನಿಯವರು ಇದನ್ನ ಓದ್ತಾರೆ ಅಂದ್ಕೊಂಡಿದೀನಿ."

ಮ್ಯಾನೇಜರ್ ಆ ಖಾಲಿ ಜಾಗವನ್ನು ನೋಡಿದ, ಸಹಿ ಹಾಕಿದ. ಒಂದು ತಿಂಗಳು ಕಾರು ತೊಳೆಯುವ ಅಂಗಳದಲ್ಲಿ ಕೆಲಸ ಎಂದು ಗೊಣಗಿದ.

ಕಾರು ಓಡಿಸಿದವನು ಅವಳತ್ತ ನೋಡಿ ಏನೋ ಹೇಳಲು ಬಾಯಿ ತೆರೆದ.

"ಥ್ಯಾಂಕ್ಸ್ ಹೇಳಬೇಡಿ," ಎಂದಳು. "ನಿಮ್ಮ ಮೇಲಿನ ಸಿಟ್ಟು ಬೇರೆ ಇದೆ. ಅದರಲ್ಲಿ ಒಂದು ಗ್ರಾಮೂ ಕಮ್ಮಿ ಆಗಿಲ್ಲ."

ಕಾರು ಸದ್ದೇ ಇಲ್ಲದೆ ರಸ್ತೆಗಿಳಿಯಿತು. ಬಾಗಿಲನ್ನು ಧಡ್ಡೆಂದು ಹಾಕಿ, ಇಂಜಿನನ್ನು ಗುರ್ರೆನಿಸಿ ಹೊರಟಿದ್ದರೆ ಮನಸ್ಸಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಈ ಕಾರು ಅದಕ್ಕೂ ಅವಕಾಶ ಕೊಡಲಿಲ್ಲ. ಕಾಲು ತುಸು ಒತ್ತಿದ್ದಕ್ಕೇ ಅತ್ತಿಗೆಯ ತಲೆ ಸೀಟಿಗೆ ಬಡಿಯಿತು. ಮೂರು ಚಾಕೊಲೇಟ್ ಹಿಂದಿನ ಸೀಟಿಗೆ ಹಾರಿದವು.

"ಅಯ್ಯೋ, ಮನೆಯಲ್ಲಿ ಇಬ್ಬರು ಮಕ್ಕಳಿದಾರೆ ನನಗೆ!"

"ಮರೆತಿದ್ರು ಅತ್ತಿಗೆ. ಮರೆತೇಬಿಟ್ಟಿದ್ರು. ಎಲ್ಲಾ ಅಂಕಿ ನೆನಪಿರುತ್ತೆ, ಹಡಗಿನ ನಂಬರ್ ನೆನಪಿರುತ್ತೆ, ನಾನು ಹೇಳಿದ್ದು ನೆನಪಿರಲ್ಲ!"

"ಡ್ರಾಯರಲ್ಲಿ ಏನೋ ಇದೆ ಅಂದ್ರಲ್ಲ?"

"ನನಗೆ ಬೇಡ."

"ನಿನಗೆ ಯಾರು ಕೊಟ್ರು? ನಾನು ನೋಡ್ತೀನಿ."

ಸಿಗ್ನಲ್ ಕೆಂಪಾಯಿತು. ಅತ್ತಿಗೆ ಡ್ರಾಯರ್ ತೆರೆದು ಹಾಳೆ ತೆಗೆದಳು. ಅಡಿಪಟ್ಟಿ ಇಟ್ಟು ಗೆರೆ ಹಾಕಿದ ಕೋಷ್ಟಕ, ಕೈಬರಹ.

"'ಮುದ್ರೆ ಮೇಡಂ ಅವರ ಕಾರಿನ ಅಳತೆ ಪತ್ರ' ಅಂತಿದೆ." ಅತ್ತಿಗೆ ಗಂಟಲು ಸರಿಮಾಡಿಕೊಂಡಳು. "'ಕಂಪನಿ ಹೇಳುವುದು: ಫುಲ್ ಚಾರ್ಜಿಗೆ ಐನೂರ ಮೂವತ್ತು ಕಿಲೋಮೀಟರ್. ನೂರ ಅರವತ್ತೆಂಟು ಕಿಲೋಮೀಟರಿಗೆ ಖರ್ಚಾದ ಚಾರ್ಜ್ ಶೇಕಡಾ ನಲವತ್ತು. ಅಂದರೆ ಫುಲ್ ಚಾರ್ಜಿಗೆ ನಿಜವಾಗಿ ನಾನೂರ ಇಪ್ಪತ್ತು. ಸ್ಪೀಡೋಮೀಟರ್ ನೂರು ತೋರಿಸುವಾಗ ನಿಜವಾದ ವೇಗ ತೊಂಬತ್ತೇಳು. ಎಡ ಹಿಂದಿನ ಟೈರಿನಲ್ಲಿ ಗಾಳಿ ಕಮ್ಮಿ ಇತ್ತು, ಸರಿಮಾಡಿದೆ.' ಏನೇ ಇದು? ಪ್ರೇಮಪತ್ರ ಅಂದ್ಕೊಂಡಿದ್ದೆ. ಕರೆಂಟ್ ಬಿಲ್ಲಿನ ಥರ ಇದೆ."

ಆರನೇ ಬುಧವಾರ ಅವಳೇ ಹೇಳಿದ್ದಳು: ಊರಿನವರ ಅಳತೆಯೆಲ್ಲ ನಾನು ನೋಡ್ತೀನಿ, ನನಗೋಸ್ಕರ ಯಾರೂ ಏನನ್ನೂ ಅಳೆದುಕೊಟ್ಟಿಲ್ಲ, ಕಂಪನಿ ಹೇಳಿದ್ದನ್ನ ನಾನು ಸುಮ್ಮನೆ ನಂಬಬೇಕು ನೋಡಿ. ಅವನು ಆರನೇ ಬುಧವಾರವನ್ನು ನೆನಪಿಟ್ಟುಕೊಂಡು ಹನ್ನೊಂದನೆಯದನ್ನು ಮರೆತಿದ್ದ.

"ಕೊನೇ ಸಾಲಲ್ಲಿ ಅಂಕಿ ಬರೆದಿಲ್ಲ," ಎಂದಳು ಅತ್ತಿಗೆ. ಅವಳ ದನಿ ಬದಲಾಗಿತ್ತು. "'ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್: ಅಳೆದಿಲ್ಲ. ಇದಕ್ಕೆ ಇಬ್ಬರು ಬೇಕು. ಒಬ್ಬರು ಓಡಿಸಲು, ಒಬ್ಬರು ಗಡಿಯಾರ ನೋಡಲು.'"

ಸಿಗ್ನಲ್ ಹಸಿರಾಗಿತ್ತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

"ಹೋಗೇ," ಎಂದಳು ಅತ್ತಿಗೆ.

"ಎಲ್ಲಿಗೆ?"

"ನನ್ನನ್ನ ಕೇಳ್ತೀಯಲ್ಲ! ಯೂ ಟರ್ನ್ ಅಲ್ಲಿದೆ."

ಶೋರೂಮಿನ ಹಿಂದಿನ ಅಂಗಳದಲ್ಲಿ ಅವನು ಪ್ಯಾಂಟ್ ಮಡಚಿಕೊಂಡು ಯಾರದೋ ಬಿಳಿ ಕಾರಿಗೆ ನೀರು ಹಾಯಿಸುತ್ತಿದ್ದ. ಅವಳನ್ನು ಕಂಡು ಪೈಪ್ ಕೆಳಗಿಟ್ಟ. ನಲ್ಲಿ ನಿಲ್ಲಿಸುವುದನ್ನು ಮರೆತ. ನೀರು ಅವನ ಶೂ ಸುತ್ತ ಹರಿಯತೊಡಗಿತು.

"ಈ ತೊಂಬತ್ತೇಳು ಹೇಗೆ ಬಂತು?" ಹಾಳೆಯನ್ನು ಅವನ ಮುಖದ ಮುಂದೆ ಹಿಡಿದಳು.

"ಹೈವೇ ಕಿಲೋಮೀಟರ್ ಕಲ್ಲು ನೋಡ್ಕೊಂಡು, ಸ್ಟಾಪ್‌ವಾಚ್ ಹಾಕಿ..."

"ಹೈವೇ ಕಲ್ಲು! ಆ ಕಲ್ಲು ನೆಟ್ಟವರು ಯಾರು, ಯಾವ ಟೇಪಲ್ಲಿ ಅಳೆದ್ರು ಗೊತ್ತಾ? ಅದರಲ್ಲಿ ಎರಡು ಕಲ್ಲಿನ ನಡುವಿನ ದೂರ ನಾನೇ ಅಳೆದಿದೀನಿ. ಹದಿನೆಂಟು ಮೀಟರ್ ಕಮ್ಮಿ ಇದೆ. ಎಷ್ಟು ಸಲ ಅಳೆದ್ರಿ?"

"ಒಂದು ಸಲ."

"ಮೂರು ಸಲ ಅಳೀಬೇಕು. ಇದನ್ನ ಅಳತೆ ಪತ್ರ ಅಂತಾರೇನ್ರೀ? ಇದಕ್ಕೆ ನಾನು ಮುದ್ರೆ ಹಾಕಲ್ಲ."

ಅವನ ತುಟಿಯ ಅಂಚು ಮೆಲ್ಲಗೆ ಮೇಲೆ ಹೋಯಿತು. ಅವಳು ಗದರಿಸುವಂತೆ ನೋಡಿದಳು. ಅದು ಕೆಳಗೆ ಇಳಿಯಲಿಲ್ಲ.

"ನಗಬೇಡಿ. ಕೇಳದೆ ಯಾಕೆ ಮಾಡಿದ್ರಿ? ಒಂದು ಮಾತು ಕೇಳಿದ್ರೆ ನಾನೇ ಬರ್ತಿದ್ದೆ."

ಅವನು ತನ್ನ ಒದ್ದೆ ಶೂ ನೋಡಿಕೊಂಡ. "ಕಾರು ಬಂದುಬಿಡ್ತು ಮೇಡಂ. ಮುಂದಿನ ಬುಧವಾರ ಫೋನ್ ಮಾಡೋಕೆ ನನ್ನ ಹತ್ರ ಕಾರಣ ಇರಲಿಲ್ಲ. ನಿನ್ನೆ ಫೋನಿಟ್ಟ ಮೇಲೆ ಅದೇ ಯೋಚನೆ. ನಿಮಗೆ ಇಷ್ಟ ಆಗೋ ಏನಾದ್ರೂ ಕೊಡಬೇಕು ಅಂದ್ಕೊಂಡೆ. ಹೂವು ಕೊಟ್ರೆ ತೂಕ ನೋಡ್ತೀರಿ ಅನ್ನಿಸ್ತು. ಮೊದಲನೇ ಕಿಲೋಮೀಟರ್ ವಿಷಯ ತಲೇಲೇ ಬರಲಿಲ್ಲ. ಅದು ನನ್ನ ತಪ್ಪು. ಅದನ್ನ ವಾಪಸ್ ಕೊಡೋಕಾಗಲ್ಲ."

ಓಡಿದ ಕಿಲೋಮೀಟರ್ ಎಣಿಸುವ ಓಡೊಮೀಟರ್ ಹಿಂದಕ್ಕೆ ತಿರುಗುವುದಿಲ್ಲ. ತಿರುಗಿಸಿದವರನ್ನು ಅವಳೇ ಹಿಡಿದು ಕೋರ್ಟಿಗೆ ಕಳಿಸಿದ್ದಾಳೆ. ಆ ಮೊದಲ ಕಿಲೋಮೀಟರಿಗಾಗಿ ಅವಳಿಗೆ ಈಗಲೂ ಹೊಟ್ಟೆ ಉರಿಯುತ್ತಿತ್ತು. ಅದರ ಜೊತೆಗೇ ಇನ್ನೊಂದೂ ಇತ್ತು. ಬೆಳಗಿನ ಐದು ಗಂಟೆಗೆ, ಪಕ್ಕದ ಸೀಟಿನಲ್ಲಿ ಅಡಿಪಟ್ಟಿ, ಹಾಳೆ ಇಟ್ಟುಕೊಂಡು, ಈ ಮನುಷ್ಯ ಅವಳಿಗೋಸ್ಕರ ಕಲ್ಲು ಎಣಿಸುತ್ತ ಹೋಗಿದ್ದ. ಅವಳಿಗೆ ಸಿಕ್ಕಿದ ಉಡುಗೊರೆಗಳಲ್ಲಿ ಇಷ್ಟು ತಪ್ಪುಗಳಿದ್ದದ್ದು ಬೇರೊಂದಿಲ್ಲ. ಇಷ್ಟು ತನ್ನದೆನಿಸಿದ್ದೂ ಇಲ್ಲ.

ಅವಳು ಕಾರಿನ ಬಾನೆಟ್ ಮೇಲೆ ಹಾಳೆ ಇಟ್ಟು, ಆ ಕೊನೆಯ ಸಾಲಿನ ಮುಂದೆ ಏನೋ ಬರೆದು ಅವನ ಕೈಗೆ ಕೊಟ್ಟಳು. ಈ ಸಲ ಬಿಡಲು ಅರ್ಧ ಕ್ಷಣ ತಡ ಮಾಡಿದ್ದು ಅವಳ ಬೆರಳು.

ಅವನು ಓದಿದ. 'ಬುಧವಾರ, ಬೆಳಗ್ಗೆ ಏಳು. ಇಬ್ಬರು.'

"ಟ್ಯಾಕ್ಸಿ ಮೀಟರ್ ಪರೀಕ್ಷೆ ಮಾಡೋ ನಮ್ಮ ಇಲಾಖೆ ರಸ್ತೆ ಇದೆ. ಎರಡು ಕಿಲೋಮೀಟರ್, ನೇರ, ಗೇಟ್ ಹಾಕಿರ್ತಾರೆ. ಇವತ್ತೇ ಅರ್ಜಿ ಕೊಟ್ಟು ಅನುಮತಿ ತಗೋತೀನಿ. ಕೇಳದೆ ಓಡಿಸೋ ಅಭ್ಯಾಸ ನನಗಿಲ್ಲ."

"ಯಾರು ಓಡಿಸೋದು?"

"ನಾನು. ನೀವು ಗಡಿಯಾರ ನೋಡಿ. ನನ್ನನ್ನ ನೋಡ್ಕೊಂಡು ಕೂತ್ರೆ ಅಳತೆ ತಪ್ಪುತ್ತೆ."

"ಮೂರು ಸಲ ಅಳೀಬೇಕಲ್ಲ ಮೇಡಂ. ಒಂದು ಸಲ ತಪ್ಪಿದ್ರೂ ಇನ್ನೂ ಎರಡಿರುತ್ತೆ."

ಅವಳು ಮುಖ ತಿರುಗಿಸಿಕೊಂಡಳು. ಆದರೂ ಕಾರಿನ ಕನ್ನಡಿಯಲ್ಲಿ ಅತ್ತಿಗೆಗೆ ಅವಳ ನಗು ಪೂರ್ತಿ ಕಂಡಿತು.

"ಸಿಟ್ಟು ಇನ್ನೂ ಇದೆಯಾ?" ಅವನು ಕೇಳಿದ.

"ಇದೆ."

"ಎಷ್ಟು?"

"ಬುಧವಾರ ಬಂದು ಅಳೆದು ನೋಡಿ. ಮೊದಲು ಆ ನಲ್ಲಿ ನಿಲ್ಲಿಸಿ, ನೀರು ಪೋಲಾಗ್ತಿದೆ."